ನಲವತ್ತು ವರ್ಷ ಹಳೆಯ ರಕ್ತದ ಕಲೆ ಈಗ ಹೇಗೆ ಬಾಯಿ ಬಿಡುತ್ತದೆ?

ಕಿಟಕಿಸೀಟು:

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ನನಗೂ ನಮ್ಮ ಭಾವನಿಗೂ ಒಂದೇ ವಿಷಯಕ್ಕೆ ವಾದ. 1980ರ ದಶಕದ ಕೊಲೆಯೊಂದರಲ್ಲಿ ಈಗ ಮುದುಕನಾಗಿರುವ ಒಬ್ಬನನ್ನು ಹಿಡಿದರು ಅಂತ ಓದಿದೆ. ಅವತ್ತಿನ ಬಟ್ಟೆಯ ಮೇಲಿದ್ದ ಕಲೆಯಿಂದ ಡಿಎನ್‌ಎ ತೆಗೆದರಂತೆ. ಇದನ್ನು ಭಾವನಿಗೆ ಹೇಳಿದೆ. ಅವರು ಕೈ ಬೀಸಿಬಿಟ್ಟರು. "ಸುಮ್ನೆ ಕಥೆ. ಪೆಟ್ಟಿಗೆಯಲ್ಲಿಟ್ಟ ಬಟ್ಟೆಯೇ ಹತ್ತು ವರ್ಷಕ್ಕೆ ಲಡ್ಡು ಹಿಡಿಯುತ್ತೆ, ಅದರ ಮೇಲಿನ ರಕ್ತ ನಲವತ್ತು ವರ್ಷ ಇರುತ್ತಾ? ಯಾರಿಗೋ ತಲೆಗೆ ಕಟ್ಟಿರುತ್ತಾರೆ" ಅಂದರು.

ನನಗೆ ಉತ್ತರ ಗೊತ್ತಿರಲಿಲ್ಲ. ಸುಮ್ಮನಾದೆ. ಆದರೆ ತಲೆಯಿಂದ ಹೋಗುತ್ತಿಲ್ಲ. ಒಣಗಿದ ರಕ್ತದಲ್ಲಿ ಅಷ್ಟು ವರ್ಷ ಏನು ಉಳಿಯುತ್ತದೆ? ಉಳಿಯುವುದಾದರೆ ಅವತ್ತೇ ಯಾಕೆ ಹಿಡಿಯಲಿಲ್ಲ? ಇದನ್ನೆಲ್ಲ ಎಷ್ಟರ ಮಟ್ಟಿಗೆ ನಂಬಬಹುದು? ನಾನು ಲೆಕ್ಕಪತ್ರ ಬರೆಯುವವನು, ವಿಜ್ಞಾನ ಓದಿದವನಲ್ಲ. ಸ್ವಲ್ಪ ಬಿಡಿಸಿ ಹೇಳಿ.

ಮಳೆಹನಿ:

ಈಗ ಇದೆಲ್ಲ ತುಂಬಾ ಸುಲಭ. ಕ್ಯಾಲಿಫೋರ್ನಿಯಾದ ಗೋಲ್ಡನ್ ಸ್ಟೇಟ್ ಕಿಲ್ಲರ್ ಕೇಸು ನೋಡಿ. 1970 ಮತ್ತು 80ರ ದಶಕಗಳಲ್ಲಿ 13 ಕೊಲೆ, ಲೆಕ್ಕವಿಲ್ಲದಷ್ಟು ಅತ್ಯಾಚಾರ. ಯಾರು ಅಂತ ಯಾರಿಗೂ ಗೊತ್ತಾಗಲಿಲ್ಲ. 2018ರ ಏಪ್ರಿಲ್‌ನಲ್ಲಿ ಜೋಸೆಫ್ ಡಿಆ್ಯಂಜೆಲೊ ಎಂಬ 72 ವರ್ಷದ ಮುದುಕನನ್ನು ಹಿಡಿದರು. ಅವನು ಒಂದು ಕಾಲದಲ್ಲಿ ಪೊಲೀಸನೇ ಆಗಿದ್ದ! ಕಂಪ್ಯೂಟರಿಗೆ ಡಿಎನ್‌ಎ ಹಾಕಿದರು, ಹೆಸರು ಬಂತು. ನಿಮ್ಮ ಭಾವನಿಗೆ ಇದೊಂದನ್ನು ಹೇಳಿ ಸಾಕು.

ಅರಗುಮುದ್ರೆ:

ಮಳೆಹನಿಯವರೇ, ಕಂಪ್ಯೂಟರು ಹಾಗೆ ಹೆಸರು ಹೇಳುವಂತಿದ್ದರೆ ನಾವೆಲ್ಲ ಮಧ್ಯಾಹ್ನವೇ ಮನೆಗೆ ಹೋಗಬಹುದಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು 28 ವರ್ಷ ವಿಧಿವಿಜ್ಞಾನ ಪ್ರಯೋಗಾಲಯದ ಜೀವಶಾಸ್ತ್ರ ವಿಭಾಗದಲ್ಲಿ ಇದ್ದವಳು. ಈಗ ನಿವೃತ್ತಿಯಾಗಿದೆ. ಯಾವ ಊರು, ಯಾವ ಕೇಸು ಅಂತ ಕೇಳಬೇಡಿ, ಹೇಳುವುದಿಲ್ಲ. ಮುದ್ದೆಮಾಲಿನ, ಅಂದರೆ ಪೊಲೀಸರು ಸಾಕ್ಷ್ಯಕ್ಕೆ ಅಂತ ವಶಪಡಿಸಿಕೊಂಡ ವಸ್ತುಗಳ, ಗಂಟು ಬಿಚ್ಚುವುದು, ಕಲೆ ಹುಡುಕುವುದು, ಅಷ್ಟನ್ನು ಕತ್ತರಿಸಿಕೊಳ್ಳುವುದು, ಮತ್ತೆ ಗಂಟು ಕಟ್ಟಿ ಸೀಲು ಹಾಕುವುದು. ಅರ್ಧ ಆಯುಷ್ಯ ಇದರಲ್ಲೇ ಹೋಯಿತು. ಟೀವಿಯಲ್ಲಿ ತೋರಿಸುವ ನೀಲಿ ಬೆಳಕಿನ ಲ್ಯಾಬು ನಮ್ಮದಾಗಿರಲಿಲ್ಲ. ನಮ್ಮದು ಟ್ಯೂಬ್‌ಲೈಟು, ಕಂದು ಕಾಗದ, ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನು ಮತ್ತು ಸೀನು. ಹಳೇ ಬಟ್ಟೆಯ ಧೂಳಿಗೆ ಸೀನು ಬಂದೇ ಬರುತ್ತದೆ. ಮಾಲಿನ ಮೇಲೆ ಸೀನುವ ಹಾಗಿಲ್ಲ. ಎದ್ದು ಓಡಬೇಕು.

ಕಿಟಕಿಸೀಟು, ನಿಮ್ಮ ಭಾವನವರ ಮಾತು ಅರ್ಧ ಸರಿ. ಮಾಲು ಹಾಳಾಗುತ್ತದೆ. ಆದರೆ ಅದನ್ನು ಹಾಳು ಮಾಡುವುದು ತೇವ. ಡಿಎನ್‌ಎ ಅಂದರೆ ಒಂದು ಉದ್ದದ ಎಳೆ ಅಂದುಕೊಳ್ಳಿ. ಪಸೆ ಇದ್ದರೆ ಆ ಎಳೆ ತುಂಡು ತುಂಡಾಗುತ್ತದೆ. ಪಸೆ ಇದ್ದಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬಂದು ತಿನ್ನುತ್ತವೆ. ಬಿಸಿಲೂ ಕೆಡಿಸುತ್ತದೆ. ಕಲೆ ಬೇಗ ಒಣಗಿ, ಕತ್ತಲಲ್ಲಿ, ತಣ್ಣಗೆ ಬಿದ್ದಿದ್ದರೆ ದಶಕಗಟ್ಟಲೆ ಇರುತ್ತದೆ. ಸಾವಿರಾರು ವರ್ಷದ ಮೂಳೆಯಿಂದಲೇ ಡಿಎನ್‌ಎ ಓದುತ್ತಾರೆ, ನಲವತ್ತು ವರ್ಷ ಯಾವ ಲೆಕ್ಕ ಹೇಳಿ.

ನನ್ನ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಒಂದು ಸಲ ಮೂರೇ ವಾರದ ಹಿಂದಿನ ಅಂಗಿಯೊಂದು ಬಂತು. ಹಸಿಯಾಗಿದ್ದಾಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಬಿಗಿದು ಕಟ್ಟಿ, ಅರಗು ಸುರಿದು ಚಂದದ ಮುದ್ರೆ ಒತ್ತಿದ್ದರು. ಕಾಗದಪತ್ರ ಎಲ್ಲ ಸರಿ. ಬಿಚ್ಚಿದರೆ ವಾಸನೆಗೆ ಪಕ್ಕದ ಕೋಣೆಯವರು ಎದ್ದು ಬಂದರು. ಒಳಗೆ ಕಪ್ಪು, ಹಸಿರು ಬೂಷ್ಟು. ಏನೂ ಸಿಗಲಿಲ್ಲ. ಅದೇ ತಿಂಗಳು ಹದಿನೇಳು ವರ್ಷ ಹಳೆಯ ಕರವಸ್ತ್ರ ಬಂತು. ಯಾರೋ ಪುಣ್ಯಾತ್ಮರು ಅದನ್ನು ನೆರಳಲ್ಲಿ ಒಣಗಿಸಿ, ಕಾಗದದ ಚೀಲಕ್ಕೆ ಹಾಕಿ ಇಟ್ಟಿದ್ದರು. ಪೂರ್ತಿ ಪ್ರೊಫೈಲ್, ಅಂದರೆ ಒಬ್ಬನನ್ನು ಗುರುತಿಸುವಷ್ಟು ಡಿಎನ್‌ಎ ವಿವರ, ಬಂತು. ಆ ಮನುಷ್ಯನ ಸಹಿ ಮಾತ್ರ ಚೀಲದ ಮೇಲಿತ್ತು, ಓದಲು ಬರುತ್ತಿರಲಿಲ್ಲ.

ಅವತ್ತೇ ಯಾಕೆ ಹಿಡಿಯಲಿಲ್ಲ ಅಂತ ಕೇಳಿದಿರಿ. ಅವತ್ತು ಓದಲು ಬರುತ್ತಿರಲಿಲ್ಲ, ಅಷ್ಟೇ. ನಾನು ಕೆಲಸಕ್ಕೆ ಸೇರಿದಾಗ ಕೈಯಲ್ಲಿ ಇದ್ದದ್ದು ರಕ್ತದ ಗುಂಪು. "ಕಲೆ ಓ ಗುಂಪಿನದು, ಆರೋಪಿಯದೂ ಓ ಗುಂಪು" ಅಂತ ವರದಿ ಬರೆಯುತ್ತಿದ್ದೆವು. ಬರೆಯುತ್ತಿದ್ದ ನನ್ನದೂ ಓ ಗುಂಪೇ.

ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಲೆಕ್ ಜೆಫ್ರೀಸ್ ಎಂಬುವರು 1984ರ ಸೆಪ್ಟೆಂಬರ್‌ನಲ್ಲಿ ಡಿಎನ್‌ಎಯಿಂದ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು ಅಂತ ಕಂಡುಕೊಂಡರು. ಅದೇ ಲೆಸ್ಟರ್ ಸುತ್ತಮುತ್ತ 1983ರಲ್ಲಿ ಒಂದು, 1986ರಲ್ಲಿ ಒಂದು, ಇಬ್ಬರು ಹುಡುಗಿಯರ ಕೊಲೆಯಾಗಿತ್ತು. ಎರಡನೆಯದನ್ನು ನಾನೇ ಮಾಡಿದ್ದು ಅಂತ 17 ವರ್ಷದ ಹುಡುಗನೊಬ್ಬ ಒಪ್ಪಿಕೊಂಡಿದ್ದ. ಮೊದಲನೆಯದೂ ಇವನದೇ ಅಂತ ಸಾಬೀತು ಮಾಡಲು ಪೊಲೀಸರು ಜೆಫ್ರೀಸ್ ಬಳಿ ಹೋದರು. ಪರೀಕ್ಷೆ ಹೇಳಿದ್ದೇ ಬೇರೆ. ಎರಡೂ ಒಬ್ಬನೇ ಮಾಡಿದ್ದು, ಆ ಒಬ್ಬ ಈ ಹುಡುಗನಲ್ಲ. ಹೀಗೆ ಕೊಲೆ ಕೇಸಿನಲ್ಲಿ ಡಿಎನ್‌ಎ ಮಾಡಿದ ಮೊದಲ ಕೆಲಸ ಒಬ್ಬನನ್ನು ಬಿಡಿಸಿದ್ದು. ಇದನ್ನು ನಿಮ್ಮ ಭಾವನವರಿಗೆ ಮೊದಲು ಹೇಳಿ. ಆಮೇಲೆ ಐದು ಸಾವಿರಕ್ಕೂ ಹೆಚ್ಚು ಗಂಡಸರ ಮಾದರಿ ತೆಗೆದರು. ಕಾಲಿನ್ ಪಿಚ್‌ಫೋರ್ಕ್ ಎಂಬುವನು ತನ್ನ ಬದಲು ಜೊತೆ ಕೆಲಸದವನನ್ನು ಕಳುಹಿಸಿ ತಪ್ಪಿಸಿಕೊಂಡಿದ್ದ. ಆ ಜೊತೆಗಾರ ಪಬ್ಬಿನಲ್ಲಿ ಬಾಯಿ ತಪ್ಪಿ ಆಡಿದ್ದರಿಂದ ಪಿಚ್‌ಫೋರ್ಕ್ 1987ರಲ್ಲಿ ಸಿಕ್ಕಿಬಿದ್ದ.

ಆದರೆ ಆಗಿನ ವಿಧಾನಕ್ಕೆ ನಾಣ್ಯದಷ್ಟು ಅಗಲದ ಕಲೆ ಬೇಕಿತ್ತು. ಚುಕ್ಕೆಯಷ್ಟು ಸಿಕ್ಕಿದರೆ ಏನೂ ಮಾಡುವ ಹಾಗಿರಲಿಲ್ಲ. ಪಿಸಿಆರ್ ಬಂದ ಮೇಲೆ ಆಟ ಬದಲಾಯಿತು. ಇದೊಂದು ನಕಲು ಮಾಡುವ ವಿದ್ಯೆ. ಒಂದು ಎಳೆ ಎರಡಾಗುತ್ತದೆ, ಎರಡು ನಾಲ್ಕು, ನಾಲ್ಕು ಎಂಟು. ಹೀಗೆ 30 ಸುತ್ತು. ನೀವು ಲೆಕ್ಕದವರು, ಗುಣಿಸಿ ನೋಡಿ, ನೂರು ಕೋಟಿ ದಾಟುತ್ತದೆ. ಈಗ ಒಂದು ನ್ಯಾನೋಗ್ರಾಂ ಡಿಎನ್‌ಎ ಇದ್ದರೆ ಬೇಕಾದಷ್ಟಾಯಿತು. ಅಂದರೆ ಸುಮಾರು 150 ಜೀವಕೋಶ. ಬರಿಗಣ್ಣಿಗೆ ಕಾಣುವುದೇ ಇಲ್ಲ.

ನನ್ನ ಮಟ್ಟಿಗೆ ಅಸಲು ವಿಷಯ ಇನ್ನು ಮುಂದಿದೆ. ಈ ಹೊಸ ವಿದ್ಯೆ ಬರುವ ಹೊತ್ತಿಗೆ ಕಲೆ ಉಳಿದಿರಬೇಕಲ್ಲ? ರಕ್ತದ ಗುಂಪು ನೋಡಲಿಕ್ಕೇ ಎಷ್ಟೋ ಕಡೆ ಇಡೀ ಕಲೆಯನ್ನು ಕತ್ತರಿಸಿ ಮುಗಿಸಿಬಿಟ್ಟಿದ್ದರು. ನನಗೆ ಕೆಲಸ ಕಲಿಸಿದವರು ಒಬ್ಬರಿದ್ದರು. ತುಂಬಾ ಮುಂಗೋಪಿ. ನಾನು ಕತ್ತರಿ ಹಿಡಿದಾಗೆಲ್ಲ ಹಿಂದೆ ಬಂದು ನಿಲ್ಲುತ್ತಿದ್ದರು. "ಅರ್ಧ ಬಿಡಮ್ಮ. ನಿನಗಿಂತ ಬುದ್ಧಿವಂತರು ಮುಂದೆ ಬರ್ತಾರೆ" ಅನ್ನುತ್ತಿದ್ದರು. ಆಗ ಬೇಜಾರಾಗುತ್ತಿತ್ತು.

ಮಳೆಹನಿಯವರ ಕ್ಯಾಲಿಫೋರ್ನಿಯಾ ಕೇಸಿನಲ್ಲೂ ಆಗಿದ್ದು ಅದೇ. ವೆಂಚುರಾ ಕೌಂಟಿಯಲ್ಲಿ 1980ರಲ್ಲಿ ಗಂಡಹೆಂಡಿರ ಜೋಡಿ ಕೊಲೆಯಾಗಿತ್ತು. ಅಲ್ಲಿ ಶವಪರೀಕ್ಷೆ ಮಾಡಿದ ವೈದ್ಯರು ಮಾದರಿಯನ್ನು ಒಂದರ ಬದಲು ಎರಡು ಸೆಟ್ ತೆಗೆಯುವ ಅಭ್ಯಾಸದವರು. ಒಂದು ಸೆಟ್ ಮುಟ್ಟದೆ ಹಾಗೇ ಫ್ರೀಜರಿನಲ್ಲಿ ಉಳಿದಿತ್ತು. ಅದು ಇಲ್ಲದಿದ್ದರೆ ಯಾವ ಕಂಪ್ಯೂಟರಿಗೆ ಏನು ಹಾಕುತ್ತಿದ್ದರು?

ಇನ್ನು ಹೆಸರು ಬಂದ ಕಥೆ. ಪೊಲೀಸರ ಡಿಎನ್‌ಎ ಸಂಗ್ರಹದಲ್ಲಿ ಒಬ್ಬನ ಮಾದರಿ ಮೊದಲೇ ಇದ್ದರೆ ಮಾತ್ರ ನೇರವಾಗಿ ಹೆಸರು ಬರುತ್ತದೆ. ಡಿಆ್ಯಂಜೆಲೊ ಅದರಲ್ಲಿ ಇರಲೇ ಇಲ್ಲ. ಹಾಗಾಗಿ ಬೇರೆ ದಾರಿ ಹಿಡಿದರು. ಜನ ತಮ್ಮ ಪೂರ್ವಜರನ್ನು, ನೆಂಟರನ್ನು ಹುಡುಕಲು ಡಿಎನ್‌ಎ ಹಾಕುವ ಜೆಡ್‌ಮ್ಯಾಚ್‌ನಂಥ ತಾಣಗಳಿವೆ. ಪೊಲೀಸರ ಪರೀಕ್ಷೆ ಡಿಎನ್‌ಎಯಲ್ಲಿ 20 ಜಾಗ ನೋಡಿದರೆ, ಇವು ಲಕ್ಷಗಟ್ಟಲೆ ಜಾಗ ನೋಡುತ್ತವೆ. ಅದಕ್ಕೇ ದೂರದ ನೆಂಟಸ್ತಿಕೆಯೂ ಗೊತ್ತಾಗುತ್ತದೆ. ಅಲ್ಲಿ ಸಿಕ್ಕಿದ್ದು ಕೊಲೆಗಾರನಲ್ಲ, ಅವನ ದೂರದ ದಾಯಾದಿಗಳು. ಅವರ ಮುತ್ತಜ್ಜನ ಅಜ್ಜನವರೆಗೆ ಹೋಗಿ, ಅಲ್ಲಿಂದ ಮಕ್ಕಳು, ಮೊಮ್ಮಕ್ಕಳು, ಮದುವೆ, ಸಾವು, ಎಲ್ಲವನ್ನೂ ದಾಖಲೆಯಲ್ಲಿ ಹುಡುಕುತ್ತ ಕೆಳಗೆ ಇಳಿದು ಬರಬೇಕು. ವಂಶಾವಳಿ ಬರೆಯುವುದರಲ್ಲಿ ಪಳಗಿದ್ದ ಬಾರ್ಬರಾ ರೇ-ವೆಂಟರ್ ಮತ್ತು ತನಿಖಾಧಿಕಾರಿ ಪೌಲ್ ಹೋಲ್ಸ್ ಅವರ ತಂಡ ತಿಂಗಳುಗಟ್ಟಲೆ ಈ ಕೆಲಸ ಮಾಡಿತು. ವಯಸ್ಸು, ಇದ್ದ ಊರು ಎಲ್ಲ ಹೊಂದಿಸಿ ಕೊನೆಗೆ ಒಬ್ಬನ ಹತ್ತಿರ ಬಂದು ನಿಂತರು. ಅಷ್ಟಕ್ಕೇ ಹಿಡಿಯಲಿಲ್ಲ. ಅವನ ಕಾರಿನ ಬಾಗಿಲ ಹಿಡಿಕೆಯನ್ನು ಒರೆಸಿದರು, ಅವನು ಕಸದ ಡಬ್ಬಿಗೆ ಹಾಕಿದ ಟಿಶ್ಯೂ ತೆಗೆದರು. ಅವುಗಳ ಡಿಎನ್‌ಎ ಹಳೆಯ ಮಾದರಿಗೆ ತಾಳೆಯಾದ ಮೇಲೆ ಕೈಗೆ ಕೋಳ ಬಿತ್ತು.

ಡಿಎನ್‌ಎಯೊಂದೇ ದಾರಿಯೂ ಅಲ್ಲ. ಕ್ಯಾಲಿಫೋರ್ನಿಯಾದ ಎಲ್ ಸೆಗುಂಡೊದಲ್ಲಿ 1957ರ ಜುಲೈನಲ್ಲಿ ಇಬ್ಬರು ಪೊಲೀಸರ ಕೊಲೆಯಾಯಿತು. ಕದ್ದ ಕಾರಿನ ಸ್ಟೀರಿಂಗ್ ಮೇಲೆ ಹೆಬ್ಬೆರಳಿನ ಅರೆಬರೆ ಗುರುತು ಸಿಕ್ಕಿತ್ತು. ಅದನ್ನು ಜೋಪಾನ ಮಾಡಿದ್ದರು. 2002ರಲ್ಲಿ ದೇಶದ ಬೆರಳಚ್ಚು ಕಂಪ್ಯೂಟರಿನಲ್ಲಿ ಹುಡುಕಿದಾಗ 1956ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಕಳ್ಳತನಕ್ಕೆ ಸಿಕ್ಕಿಬಿದ್ದಿದ್ದ ಒಬ್ಬನ ಅಚ್ಚಿಗೆ ಹೊಂದಿತು. 2003ರಲ್ಲಿ ಅವನ ಮನೆಗೆ ಹೋದರು. ಅವತ್ತು ಸಾಯುವ ಮುಂಚೆ ಒಬ್ಬ ಪೊಲೀಸ್ ಹಾರಿಸಿದ್ದ ಗುಂಡಿನ ಗಾಯದ ಗುರುತು ಅವನ ಬೆನ್ನ ಮೇಲೆ ಇನ್ನೂ ಇತ್ತು. 45 ವರ್ಷ ದಾಟಿತ್ತು!

ಕರಿಕೋಟು:

ಮೇಡಂ ಬರೆದದ್ದು ಓದಿ ಖುಷಿಯಾಯಿತು. ಆದರೆ ಕೋರ್ಟಿನಲ್ಲಿ ನಿಲ್ಲುವವನಾಗಿ ನಾನು ಭಾವನವರ ಪರ ವಕಾಲತ್ತು ಹಾಕುತ್ತೇನೆ. ಡಿಎನ್‌ಎ ಸಿಕ್ಕಿತು ಅಂದರೆ ಆ ವ್ಯಕ್ತಿಯ ದೇಹದ್ದೇನೋ ಅಲ್ಲಿ ಸಿಕ್ಕಿತು ಅಂತ ಅರ್ಥ. ಅವನೇ ಕೊಂದ ಅಂತಲ್ಲ. ಯಾವಾಗ ಬಂತು, ಹೇಗೆ ಬಂತು ಅನ್ನುವುದನ್ನು ಡಿಎನ್‌ಎ ಹೇಳುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲೇ 2012ರಲ್ಲಿ ಒಂದು ಕೊಲೆಯಾಯಿತು. ಸತ್ತವರ ಉಗುರಿನಲ್ಲಿ ಒಬ್ಬನ ಡಿಎನ್‌ಎ. ಅವನನ್ನು ಒಳಗೆ ಹಾಕಿದರು. ಆಮೇಲೆ ನೋಡಿದರೆ ಆ ರಾತ್ರಿ ಅವನು ಕುಡಿದು ಪ್ರಜ್ಞೆ ತಪ್ಪಿ ಆಸ್ಪತ್ರೆಯಲ್ಲಿ ಮಲಗಿದ್ದ. ಅವನನ್ನು ಆಸ್ಪತ್ರೆಗೆ ಸಾಗಿಸಿದ ಆಂಬುಲೆನ್ಸ್ ಸಿಬ್ಬಂದಿಯೇ ಕೆಲವು ಗಂಟೆ ಬಿಟ್ಟು ಕೊಲೆಯಾದ ಮನೆಗೂ ಹೋಗಿದ್ದರು. ಅವರ ಮೂಲಕ ಇವನ ಡಿಎನ್‌ಎ ಅಲ್ಲಿಗೆ ಹೋಗಿತ್ತು. ಆಸ್ಪತ್ರೆಯ ದಾಖಲೆ ಇರದಿದ್ದರೆ ಏನು ಗತಿ? ಇಂಥದ್ದೇ ನಲವತ್ತು ವರ್ಷ ಹಳೆಯ ಕೇಸಿನಲ್ಲಿ ಆದರೆ ಯಾವ ದಾಖಲೆ ಸಿಗುತ್ತದೆ? ಅವತ್ತು ಎಲ್ಲಿದ್ದೆ ಅಂತ ಹೇಳಲು ಆರೋಪಿಗೆ ಸಾಕ್ಷಿಗಳೇ ಬದುಕಿರುವುದಿಲ್ಲ.

ಹಳೆಯ ಕಾಲದ "ವಿಜ್ಞಾನ"ದ ಮಾತೂ ಇದೆ. ದಕ್ಷಿಣ ಕೊರಿಯಾದ ಹ್ವಾಸಾಂಗ್‌ನಲ್ಲಿ 1986ರಿಂದ 1991ರವರೆಗೆ ಹತ್ತು ಹೆಂಗಸರ ಕೊಲೆಯಾಯಿತು. ಎಂಟನೆಯ ಕೊಲೆಗೆ 1989ರಲ್ಲಿ ಒಬ್ಬ ಯುವಕನಿಗೆ ಶಿಕ್ಷೆಯಾಯಿತು. ಆಧಾರ ಏನು ಗೊತ್ತಾ? ಕೂದಲಿನ ಪರೀಕ್ಷೆ, ಮತ್ತೆ ಹೊಡೆದು ಬಡಿದು ಬರೆಸಿಕೊಂಡ ತಪ್ಪೊಪ್ಪಿಗೆ. ಸುಮಾರು 20 ವರ್ಷ ಜೈಲಿನಲ್ಲಿದ್ದ. 2019ರಲ್ಲಿ ಬೇರೆ ಕೊಲೆಗಳ ಹಳೇ ಮಾಲಿನಿಂದ ಡಿಎನ್‌ಎ ತೆಗೆದಾಗ ಲೀ ಚೂನ್-ಜೇ ಎಂಬುವನಿಗೆ ಹೊಂದಿತು. ಅವನು ತನ್ನ ನಾದಿನಿಯನ್ನು ಕೊಂದು ಮೊದಲೇ ಜೈಲಿನಲ್ಲಿದ್ದ. ಎಂಟನೆಯದೂ ನನ್ನದೇ ಅಂತ ಒಪ್ಪಿಕೊಂಡ. ಆ ನಿರಪರಾಧಿಗೆ 2020ರ ಡಿಸೆಂಬರ್‌ನಲ್ಲಿ ಖುಲಾಸೆ ಸಿಕ್ಕಿತು. ಲೀ ಮೇಲೆ ಮಾತ್ರ ಈ ಕೊಲೆಗಳ ಕೇಸು ಹಾಕಲು ಆಗಲಿಲ್ಲ. ಅಲ್ಲಿ ಆಗ ಕೊಲೆಗೂ 15 ವರ್ಷದ ಕಾಲಮಿತಿ ಇತ್ತು, ಅದು 2006ಕ್ಕೇ ಮುಗಿದಿತ್ತು.

ಮೇಡಂ, ಹಳೇ ಮಾಲು ಎಷ್ಟು ಜನರ ಕೈ ದಾಟಿ ಬಂದಿರುತ್ತದೆ ಅಂತ ನಿಮಗೇ ಗೊತ್ತು. ಲಂಡನ್ನಿನ ಸ್ಟೀಫನ್ ಲಾರೆನ್ಸ್ ಕೊಲೆ ನಡೆದದ್ದು 1993ರಲ್ಲಿ. 2012ರಲ್ಲಿ ಶಿಕ್ಷೆಯಾಗಲು ಮುಖ್ಯ ಆಧಾರ ಆರೋಪಿಯೊಬ್ಬನ ಜಾಕೆಟ್ಟಿನ ಕಾಲರ್ ಮೇಲಿದ್ದ ಸ್ಟೀಫನ್‌ನ ರಕ್ತದ ಚುಕ್ಕೆ, ಉದ್ದ ಅರ್ಧ ಮಿಲಿಮೀಟರ್. ಆ ವಿಚಾರಣೆಯಲ್ಲಿ ಪ್ರತಿವಾದಿ ವಕೀಲರ ದೊಡ್ಡ ವಾದವೇ ಅದಾಗಿತ್ತು. ಲ್ಯಾಬಿನಲ್ಲೋ ಉಗ್ರಾಣದಲ್ಲೋ ಒಂದು ಚೀಲದ್ದು ಇನ್ನೊಂದಕ್ಕೆ ಅಂಟಿರಬಹುದು ಅಂತ. ಜ್ಯೂರಿ ಒಪ್ಪಲಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಅದೇ.

ಕಿಟಕಿಸೀಟು:

ಅಯ್ಯೋ, ನಾನು ಭಾವನನ್ನು ಸೋಲಿಸಲು ಬಂದವನು. ಈಗ ಕರಿಕೋಟು ಸರ್ ಅವರನ್ನೇ ಗೆಲ್ಲಿಸುತ್ತಿದ್ದಾರೆ.

ಅರಗುಮುದ್ರೆ ಮೇಡಂ, ಇನ್ನೆರಡು ಪ್ರಶ್ನೆ. ದೂರದ ನೆಂಟರ ಡಿಎನ್‌ಎಯಿಂದ ಹಿಡಿಯಬಹುದು ಅಂದರೆ, ನಾನು ಎಲ್ಲೂ ಕೊಡದಿದ್ದರೂ ನನ್ನ ಚಿಕ್ಕಪ್ಪನ ಮಗ ಕೊಟ್ಟರೆ ನಾನೂ ಅದರೊಳಗೆ ಬಂದ ಹಾಗೇ ಅಲ್ವಾ? ಎರಡನೆಯದು, ನೀವು ಕೈಯಾರೆ ಮಾಡಿದ ಹಳೇ ಕೇಸು ಯಾವುದಾದರೂ ಹೀಗೆ ಬಗೆಹರಿದಿದೆಯಾ?

ಅರಗುಮುದ್ರೆ:

ಕರಿಕೋಟು ಅವರೇ, ನಿಮ್ಮಂಥವರು ಪಾಟೀಸವಾಲಿಗೆ ಎದ್ದು ನಿಂತರೆ ನನಗೆ ಹೊಟ್ಟೆಯಲ್ಲಿ ತಳಮಳ ಆಗುತ್ತಿತ್ತು. ಆದರೂ ನಿಮ್ಮ ಮಾತು ಅಕ್ಷರಶಃ ಒಪ್ಪುತ್ತೇನೆ. ಕೂದಲಿನ ವಿಷಯವಂತೂ ನಮ್ಮ ಕಸುಬಿಗೇ ನಾಚಿಕೆ. ಸೂಕ್ಷ್ಮದರ್ಶಕದಲ್ಲಿ ನೋಡಿ "ಹೊಂದುತ್ತದೆ" ಅಂತ ಹೇಳಿದ ಹಳೇ ಸಾಕ್ಷ್ಯಗಳನ್ನು ಅಮೆರಿಕದ ಎಫ್‌ಬಿಐ ತಾನೇ ತಿರುಗಿ ನೋಡಿತು. ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಕಡೆ ತನ್ನ ಪರೀಕ್ಷಕರು ಇದ್ದದ್ದಕ್ಕಿಂತ ಹೆಚ್ಚು ಹೇಳಿದ್ದಾರೆ ಅಂತ 2015ರಲ್ಲಿ ಒಪ್ಪಿಕೊಂಡಿತು.

ಅಂಟುವ ವಿಷಯಕ್ಕೆ ನೀವು ಒಂದು ಹೇಳಿದಿರಿ, ನಾನೊಂದು ಹೇಳುತ್ತೇನೆ. ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ 2007ರಲ್ಲಿ ಒಬ್ಬ ಮಹಿಳಾ ಪೊಲೀಸ್ ಕೊಲೆಯಾದರು. ಅಲ್ಲಿ ಸಿಕ್ಕಿದ ಒಬ್ಬ ಹೆಂಗಸಿನ ಡಿಎನ್‌ಎ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್ ಸೇರಿ ಸುಮಾರು 40 ಕಡೆ ಸಿಕ್ಕಿತ್ತು. ಕೊಲೆ, ಕಳ್ಳತನ, ಎಲ್ಲದರಲ್ಲೂ ಅವಳೇ! ಮುಖವಿಲ್ಲದ ಹೆಂಗಸು ಅಂತ ಹೆಸರಿಟ್ಟರು. 3 ಲಕ್ಷ ಯೂರೋ ಬಹುಮಾನ ಸಾರಿದರು. 2009ರಲ್ಲಿ ಗುಟ್ಟು ಒಡೆಯಿತು. ಅವಳು ಮಾದರಿ ಒರೆಸಿಕೊಳ್ಳುವ ಹತ್ತಿಕಡ್ಡಿ ತಯಾರಿಸುವ ಕಡೆ ಕೆಲಸ ಮಾಡುತ್ತಿದ್ದ ಹೆಂಗಸು. ಪಾಪ, ಪ್ಯಾಕ್ ಮಾಡುತ್ತಿದ್ದಳು. ಕಡ್ಡಿಗಳನ್ನು ಕ್ರಿಮಿ ಸಾಯುವಂತೆ ಶುದ್ಧ ಮಾಡಿದ್ದರು. ಕ್ರಿಮಿ ಸತ್ತರೂ ಡಿಎನ್‌ಎ ಹೋಗುವುದಿಲ್ಲ. ಆ ಸುದ್ದಿ ಓದಿದ ದಿನ ನಮ್ಮ ವಿಭಾಗದಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಕಪಾಟು ತೆಗೆದು ನಮ್ಮ ಹತ್ತಿಕಡ್ಡಿಯ ಡಬ್ಬಿಗಳನ್ನೇ ನೋಡುತ್ತಾ ನಿಂತಿದ್ದೆವು. ಹಾಗಾಗಿಯೇ ಈಗ ಲ್ಯಾಬಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರ ಡಿಎನ್‌ಎಯನ್ನೂ ಬೇರೆ ಇಟ್ಟಿರುತ್ತಾರೆ. ಏನೇ ಸಿಕ್ಕಿದರೂ ಮೊದಲು ನಮ್ಮದೇ ಅಲ್ಲವಾ ಅಂತ ತಾಳೆ ನೋಡುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ಈ ಕಸುಬಿನ ಮೇಲೆ ನನಗೆ ಗೌರವ ಇದೆ ಅಂದರೆ ಅದಕ್ಕೆ ಕಾರಣ ಕಾರ್ಡಿಫ್ ಕೇಸು.

ವೇಲ್ಸ್‌ನ ಕಾರ್ಡಿಫ್‌ನಲ್ಲಿ 1988ರ ಫೆಬ್ರವರಿಯಲ್ಲಿ ಒಬ್ಬ ಯುವತಿಯನ್ನು ಅವಳ ಫ್ಲ್ಯಾಟಿನಲ್ಲಿ ಇರಿದು ಕೊಂದರು. ಮೂವರಿಗೆ ಶಿಕ್ಷೆಯಾಯಿತು. ಅವರ ವಿರುದ್ಧ ಒಂದು ರಕ್ತದ ಕಲೆಯೂ ಇರಲಿಲ್ಲ. 1992ರಲ್ಲಿ ಮೇಲಿನ ಕೋರ್ಟು ಅವರನ್ನು ಬಿಟ್ಟಿತು. ಹಾಗಾದರೆ ಕೊಂದವರು ಯಾರು? ಹನ್ನೊಂದು, ಹನ್ನೆರಡು ವರ್ಷ ಕಳೆದ ಮೇಲೆ ಕೇಸನ್ನು ಮತ್ತೆ ತೆರೆದರು. ಏಂಜೆಲಾ ಗ್ಯಾಲಪ್ ಎಂಬುವರ ತಂಡ ಹಳೇ ಮಾಲನ್ನೆಲ್ಲ ಮೊದಲಿಂದ ನೋಡಿತು. ಸಿಗರೇಟ್ ಪ್ಯಾಕಿನ ಮೇಲೆ ಸುತ್ತಿರುತ್ತದಲ್ಲ, ಪಾರದರ್ಶಕ ಹಾಳೆ, ಅದರ ಒಂದು ಚೂರಿನ ಮೇಲೆ ರಕ್ತ. ಅದು ಯುವತಿಯದಲ್ಲ. ಯಾರದು ಅಂತ ಗೊತ್ತಿಲ್ಲದ್ದಕ್ಕೆ ಅವನಿಗೆ ಸೆಲ್ಲೋಫೇನ್ ಮನುಷ್ಯ ಅಂತ ಅಡ್ಡಹೆಸರಿಟ್ಟರು.

ಒಂದು ಚೂರು ಹಾಳೆ ಎಲ್ಲಿಂದಾದರೂ ಬಂದಿರಬಹುದು, ಕರಿಕೋಟು ಸರ್ ಕೇಳುವ ಪ್ರಶ್ನೆಯೇ. ಅದಕ್ಕೆ ಆ ತಂಡ ಫ್ಲ್ಯಾಟಿಗೇ ಹೋಯಿತು. ಅಲ್ಲಿ ಅಷ್ಟರಲ್ಲಿ ಬಣ್ಣ ಬಳಿದಾಗಿತ್ತು. ಗೋಡೆಯ ಬುಡಕ್ಕೆ ಹೊಡೆಯುವ ಮರದ ಪಟ್ಟಿ ಇರುತ್ತದಲ್ಲ, ಅದರ ಮೇಲಿನ ಬಣ್ಣದ ಪದರಗಳನ್ನು ನಿಧಾನವಾಗಿ ಕೆರೆದು ತೆಗೆದರು. ಕೆಳಗೆ ರಕ್ತ ಸಿಕ್ಕಿತು. ಅದೇ ಸೆಲ್ಲೋಫೇನ್ ಮನುಷ್ಯನದು. ಬಣ್ಣ ಹೊಡೆದವರು ತಮಗೆ ಗೊತ್ತಿಲ್ಲದೆ ಆ ಕಲೆಗೆ ಗಾಳಿ ಬೆಳಕು ತಾಗದ ಹಾಗೆ ಕಾಪಾಡಿದ್ದರು! ನಾನು ಈ ಕೆಲಸ ಮಾಡಿದವಳು, ಆದರೂ ಗೋಡೆಯ ಬಣ್ಣ ಕೆರೆಯಬೇಕು ಅಂತ ನನಗೆ ಹೊಳೆಯುತ್ತಿತ್ತಾ? ಹೇಳಲಾರೆ.

ಆಮೇಲೆ ಸಂಗ್ರಹದಲ್ಲಿ ಹುಡುಕಿದರು. ಅವನು ಇರಲಿಲ್ಲ. ಆದರೆ ಅವನ ಡಿಎನ್‌ಎಯಲ್ಲಿ ಒಂದು ಅಪರೂಪದ ಗುರುತಿತ್ತು. ಅದೇ ಗುರುತು ಇರುವವರನ್ನು ಜರಡಿ ಹಿಡಿದಾಗ ತುಂಬಾ ಹತ್ತಿರಕ್ಕೆ ಬಂದವನು 14 ವರ್ಷದ ಹುಡುಗ. ಕೊಲೆಯಾದಾಗ ಅವನು ಹುಟ್ಟಿಯೇ ಇರಲಿಲ್ಲ. ಹುಡುಗನ ನೆಂಟರನ್ನು ವಿಚಾರಿಸುತ್ತಾ ಹೋಗಿ 2003ರಲ್ಲಿ ಅವನ ಸೋದರ ಸಂಬಂಧದ ಹಿರಿಯ ಜೆಫ್ರಿ ಗಫೂರ್‌ನನ್ನು ಹಿಡಿದರು. ಅವನು ಒಪ್ಪಿಕೊಂಡ.

ಇದೇ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ, ಕಿಟಕಿಸೀಟು. ಹೌದು, ನಿಮ್ಮ ಚಿಕ್ಕಪ್ಪನ ಮಗ ಕೊಟ್ಟರೆ ನೀವೂ ಸ್ವಲ್ಪ ಒಳಗೆ ಬಂದಂತೆಯೇ. ಅವನಿಗೂ ನಿಮಗೂ ಎಂಟರಲ್ಲಿ ಒಂದು ಭಾಗದಷ್ಟು ಡಿಎನ್‌ಎ ಒಂದೇ ಇರುತ್ತದೆ. ನಿಮ್ಮನ್ನು ಯಾರೂ ಕೇಳಿರುವುದಿಲ್ಲ. ಇದು ನನಗೂ ಪೂರ್ತಿ ಸಮಾಧಾನ ಕೊಡುವ ವಿಷಯವಲ್ಲ. ಜೆಡ್‌ಮ್ಯಾಚ್ 2019ರ ಮೇನಲ್ಲಿ ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟವರ ಮಾಹಿತಿಯನ್ನು ಮಾತ್ರ ಪೊಲೀಸರಿಗೆ ತೋರಿಸುವುದಾಗಿ ಹೇಳಿತು. ಅದು ಕೊಟ್ಟವರ ಒಪ್ಪಿಗೆ. ದಾಯಾದಿಗಳ ಒಪ್ಪಿಗೆ ಹೇಗೆ ಕೇಳುತ್ತಾರೆ?

ನೆದರ್‌ಲ್ಯಾಂಡ್ಸ್‌ನಲ್ಲಿ ಎದುರಿಗೇ ಕೇಳಿದರು. 1999ರಲ್ಲಿ ಫ್ರೀಸ್‌ಲ್ಯಾಂಡ್‌ನ ಹಳ್ಳಿಯೊಂದರ ಬಳಿ 16 ವರ್ಷದ ಹುಡುಗಿಯ ಕೊಲೆಯಾಗಿತ್ತು. ಹತ್ತಿರದಲ್ಲೇ ನಿರಾಶ್ರಿತರ ಶಿಬಿರ ಇತ್ತು. ಜನ ಅವರನ್ನೇ ದೂರಿದರು. 2012ರಲ್ಲಿ ನೆಂಟಸ್ತಿಕೆ ಹುಡುಕಲು ಕಾನೂನು ಒಪ್ಪಿದ ಮೇಲೆ, ಸುತ್ತಲಿನ ಸುಮಾರು 8,000 ಗಂಡಸರಿಗೆ ಸ್ವಇಚ್ಛೆಯಿಂದ ಬಂದು ಮಾದರಿ ಕೊಡಿ ಅಂತ ಕರೆ ಹೋಯಿತು. ಹೆಚ್ಚಿನವರು ಬಂದರು. ನಿಜಕ್ಕೂ ಹುಡುಕುತ್ತಿದ್ದದ್ದು ಕೊಲೆಗಾರನ ಅಣ್ಣತಮ್ಮನನ್ನೋ ದಾಯಾದಿಯನ್ನೋ. ಆದರೆ ಸರತಿಯಲ್ಲಿ ನಿಂತು ಮಾದರಿ ಕೊಟ್ಟವರಲ್ಲಿ ಕೊಲೆಗಾರನೂ ಇದ್ದ. ಆ ಜಾಗದಿಂದ ಎರಡೂವರೆ ಕಿಲೋಮೀಟರ್ ದೂರದಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದ ರೈತ. ನಿರಾಶ್ರಿತನಾಗಿರಲಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ನಾಳೆ ಬರೆಯುತ್ತೇನೆ. ಕಣ್ಣು ಉರಿಯುತ್ತಿದೆ.

ಮಳೆಹನಿ:

ಮೇಡಂ, ಕಂಪ್ಯೂಟರಿನ ಮಾತು ವಾಪಸ್ ತಗೊಂಡೆ. ಬಣ್ಣದ ಕೆಳಗಿನ ರಕ್ತದ ಕಥೆ ಓದಿ ರಾತ್ರಿ ನಮ್ಮ ಗೋಡೆಯನ್ನೇ ನೋಡುತ್ತಾ ಮಲಗಿದ್ದೆ.

ಕಿಟಕಿಸೀಟು:

ಇದಿಷ್ಟನ್ನೂ ಭಾವನಿಗೆ ಓದಿ ಹೇಳಿದೆ. ಪಿಚ್‌ಫೋರ್ಕ್ ಕಥೆಯವರೆಗೆ "ಹೂಂ, ಹೂಂ" ಅಂದರು. ಹತ್ತಿಕಡ್ಡಿ ಬಂದ ತಕ್ಷಣ "ನಾನು ಹೇಳಲಿಲ್ವಾ!" ಅಂತ ಎದ್ದು ಕೂತರು. ಕಾರ್ಡಿಫ್ ಮುಗಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ: "ಆ ಮೇಡಂ ಅರ್ಧ ಬಿಟ್ಟ ಬಟ್ಟೆ ಯಾವುದಾದರೂ ಕೆಲಸಕ್ಕೆ ಬಂತಾ?"

ಅರಗುಮುದ್ರೆ:

ನಿಮ್ಮ ಭಾವನವರು ಸರಿಯಾದ ಪ್ರಶ್ನೆಯನ್ನೇ ಹಿಡಿದಿದ್ದಾರೆ.

ನಿವೃತ್ತಿಯಾಗಿ ಮೂರನೇ ವರ್ಷ ಒಂದು ಫೋನು ಬಂತು. ನಾನಿದ್ದ ವಿಭಾಗದ ಹೊಸ ಹುಡುಗಿ. "ಮೇಡಂ, ಹಳೇ ಪ್ಯಾಕೆಟ್ಟೊಂದು ತೆಗೆದಿದ್ದೇವೆ. ನಿಮ್ಮ ಕೈಬರಹ ಅಂತ ಹೇಳಿದರು. ಒಳಗೆ ಚೀಟಿಯಲ್ಲಿ 'ಮೂರು, ಎಡ, ಒಳಮಡಿಕೆ, ಮುಟ್ಟಿಲ್ಲ' ಅಂತ ಬರೆದಿದ್ದೀರಿ. ಏನಿದು?" ಅಂತ ಕೇಳಿದಳು.

ಇಸವಿ ಕೇಳಿದೆ. ಇಪ್ಪತ್ತು ವರ್ಷದ ಮೇಲಾಗಿತ್ತು. ಮೊದಲು ಏನೂ ನೆನಪಾಗಲಿಲ್ಲ. ಬಟ್ಟೆಯ ಬಣ್ಣ ಏನು ಅಂದೆ. ತಿಳಿ ಹಳದಿ, ಪೂರ್ತಿ ತೋಳಿನ ಅಂಗಿ ಅಂದಳು. ಆಗ ಹೊಳೆಯಿತು. ಆ ಅಂಗಿಯಲ್ಲಿ ನಾನು ಮೂರು ಕಲೆ ಗುರುತು ಮಾಡಿದ್ದೆ. ಒಂದು, ಎರಡು ಎದೆಯ ಮೇಲಿದ್ದವು, ಅವನ್ನು ಗುಂಪು ನೋಡಲು ಬಳಸಿ ಮುಗಿಸಿದ್ದೆವು. ಮೂರನೆಯದು ಎಡ ತೋಳಿನ ಪಟ್ಟಿಯ ಒಳಗೆ, ಮಡಿಸಿದ ಕಡೆ, ಸಾಸಿವೆಯಷ್ಟು. ಅವತ್ತು ಅದರಿಂದ ಏನೂ ಆಗುತ್ತಿರಲಿಲ್ಲ. ನಮ್ಮ ಮುಂಗೋಪಿ ಸಾಹೇಬರು ಹಿಂದೆ ನಿಂತಿದ್ದರು, ಅದಕ್ಕೇ ಬಿಟ್ಟಿದ್ದೆ.

"ಎಡ ತೋಳಿನ ಪಟ್ಟಿ ಬಿಚ್ಚಿ ಒಳಗೆ ನೋಡು. ಹೊಲಿಗೆಯ ಹತ್ತಿರ" ಅಂದೆ. ಫೋನು ಹಿಡಿದುಕೊಂಡೇ ಅವಳು ಯಾರಿಗೋ ಹೇಳಿದಳು. ಕಾಗದ ಸರಿಯುವ ಸದ್ದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ "ಇದೆ ಮೇಡಂ" ಅಂದಳು.

ಆಮೇಲೆ ಏನಾಯಿತು ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಹೇಳಬಾರದು ಕೂಡ. ಪೂರ್ತಿ ಕತ್ತರಿಸಬೇಡ ಅಂತ ಮಾತ್ರ ಹೇಳಿ ಫೋನು ಇಟ್ಟೆ.